ಹೊಸಪೇಟೆಯೋ ಹೊಸಪ್ಯಾಟಿಯೋ

ನಿವೃತ್ತನಾದ ಮೇಲೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಅದಕ್ಕೇ ನಾನಾಗಿಯೇ ಹೇಳಲು ಕುಳಿತಿದ್ದೇನೆ. ಮೂವತ್ತು ಚಿಲ್ಲರೆ ವರ್ಷ ಮೇಷ್ಟ್ರುಗಳಿಗೆ ಪಾಠ ಹೇಳುವ ಮೇಷ್ಟ್ರಾಗಿದ್ದೆ. ಕೊನೆಯ ಕೆಲವು ವರ್ಷ ಹೊಸಪೇಟೆಯಲ್ಲಿದ್ದ ನಮ್ಮ ವಿಶ್ವವಿದ್ಯಾಲಯದ ಶಿಕ್ಷಣ ನಿಕಾಯದ ಡೀನ್. ಡೀನ್ ಅಂದರೆ ಏನು ಕೆಲಸ ಎಂದು ನಮ್ಮ ಓಣಿಯವರು ಕೇಳಿದರೆ, "ಸಹಿ ಮಾಡ್ತಾರ್ರಿ" ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಈಗ ಎಂ.ಎಡ್. ಮುಗಿಸಿ, ಸಂಶೋಧನೆ, ನೀತಿ, ವರದಿ ಎಂದು ಈ ಕೆಲಸಕ್ಕೆ ಕಾಲಿಡುತ್ತಿರುವ ನಿಮಗಾಗಿ ಬರೆಯುತ್ತಿದ್ದೇನೆ. ನಾನು ಹೇಗೆ ಮೇಲೇರಿದೆ ಎಂಬುದನ್ನು ಬಿಟ್ಟುಬಿಡೋಣ. ಮೇಲಿದ್ದವರು ನಿವೃತ್ತರಾದರು, ಕುರ್ಚಿ ಖಾಲಿಯಾಯಿತು, ನಾನು ಕುಳಿತೆ. ಆ ಕುರ್ಚಿಯಲ್ಲಿ ಕುಳಿತು ಮಾಡಿದ ಎಡವಟ್ಟುಗಳ ಬಗ್ಗೆ ಮಾತ್ರ ಹೇಳುತ್ತೇನೆ, ನಿಮಗೆ ಕೆಲಸಕ್ಕೆ ಬರುವುದು ಅವೇ.

ನಾನು ಸೇರಿದಾಗ ಶಿಕ್ಷಣ ನೀತಿ ಎಂಬುದು ಬೆಂಗಳೂರಿನಿಂದ ಕಂದು ಲಕೋಟೆಯಲ್ಲಿ ಬರುತ್ತಿತ್ತು. ಆಮೇಲೆ ಫ್ಯಾಕ್ಸಿನಲ್ಲಿ ಬಂತು, ಆಮೇಲೆ ಇ-ಮೇಲಿನಲ್ಲಿ, ಕೊನೆಗೆ ವಾಟ್ಸಾಪಿನಲ್ಲಿ. ಬರುವ ದಾರಿ ಬದಲಾಯಿತೇ ಹೊರತು ಅವಸರ ಬದಲಾಗಲಿಲ್ಲ. ಎಲ್ಲವೂ ನಾಳೆ ಸಂಜೆಯೊಳಗೆ ಆಗಬೇಕು. ಹೆಸರುಗಳೂ ಬದಲಾಗುತ್ತಿದ್ದವು. ಪಾಠ ಎಂಬುದು ಘಟಕವಾಯಿತು, ಘಟಕ ಸಾಮರ್ಥ್ಯವಾಯಿತು, ಸಾಮರ್ಥ್ಯ ಕಲಿಕಾ ಫಲವಾಯಿತು. ಮಕ್ಕಳು ಮಾತ್ರ "ಪಾಠ ಆತೇನ್ರಿ ಟೀಚರ್" ಎಂದೇ ಕೇಳುತ್ತಿದ್ದರು. ಪ್ರತಿ ಹೊಸ ಯೋಜನೆಗೂ ಒಂದು ಕಾರ್ಯಾಗಾರ, ಪ್ರತಿ ಕಾರ್ಯಾಗಾರಕ್ಕೂ ಒಂದು ಫ್ಲೆಕ್ಸ್. ನಮ್ಮ ಅಟೆಂಡರ್ ಖಾಜಾಸಾಬ್ ಆ ಫ್ಲೆಕ್ಸುಗಳನ್ನು ಮಡಚಿ ಬೀರುವಿನ ಮೇಲೆ ಜೋಡಿಸಿಡುತ್ತಿದ್ದ. ಯಾಕಪ್ಪಾ ಎಂದರೆ, "ಇವುಗಳ ಹಿಂದ ಏನೂ ಬರದಿಲ್ರಿ ಸರ್, ಮುಂದಿನ ಯೋಜನಿಗೆ ಇರ್ಲಿ" ಎನ್ನುತ್ತಿದ್ದ. ಇಡೀ ನಿಕಾಯದಲ್ಲಿ ಮುಂದಾಲೋಚನೆ ಇದ್ದವನು ಅವನೊಬ್ಬನೇ.

ಗಿರಿಜಮ್ಮ ಟೀಚರ್ ನನಗೆ ಪರಿಚಯವಾದದ್ದು ಒಂದು ಪತ್ರದ ಮೂಲಕ. ಆಗ ಅವರು ಹಂಪಿ ಕಡೆಯ ಒಂದು ಹಳ್ಳಿಯಲ್ಲಿದ್ದರು. ಶಾಲೆಯ ಕಟ್ಟಡ ದುರಸ್ತಿಯಲ್ಲಿದ್ದುದರಿಂದ ಒಂದು ಹಳೆಯ ಕಲ್ಲಿನ ಮಂಟಪದಲ್ಲಿ ತರಗತಿ ನಡೆಸುತ್ತಿದ್ದರು. ಆ ವರ್ಷ ನಾವು ಪ್ರತಿ ತರಗತಿಯಲ್ಲೂ ಒಂದು 'ಓದುವ ಮೂಲೆ' ಇರಬೇಕು, ಅದರ ಗೋಡೆಗೆ ಹನ್ನೆರಡು ಚಿತ್ರಪಟ ತೂಗುಹಾಕಿರಬೇಕು ಎಂದು ಸುತ್ತೋಲೆ ಬರೆದು ಕಳಿಸಿದ್ದೆವು. ಗಿರಿಜಮ್ಮನವರಿಂದ ಉತ್ತರ ಬಂತು: "ಮಾನ್ಯರೇ, ನಮ್ಮ ಮಂಟಪಕ್ಕೆ ಮೂಲೆಗಳು ನಾಲ್ಕು ಇವೆ, ಗೋಡೆ ಒಂದೂ ಇಲ್ಲ. ಕಂಬದ ಮೇಲೆ ಆನೆ ಕುದುರೆಗಳನ್ನು ಮೊದಲೇ ಕೆತ್ತಿದ್ದಾರೆ, ಮಕ್ಕಳು ಅವುಗಳನ್ನೇ ನೋಡಿ ಕಥೆ ಹೇಳುತ್ತಿದ್ದಾರೆ. ಚಿತ್ರಪಟಗಳನ್ನು ಎಲ್ಲಿ ತೂಗುಹಾಕಬೇಕೆಂದು ತಿಳಿಸಿ." ನಾನು ಆ ಪತ್ರವನ್ನು ಎಲ್ಲರಿಗೂ ಓದಿ ಹೇಳಿ ನಕ್ಕೆ. ಉತ್ತರ ಬರೆಯಲಿಲ್ಲ.

ಇನ್ನೊಂದು ಸಲ ಮೂರನೇ ತರಗತಿಯ ಪ್ರಶ್ನೆಪತ್ರಿಕೆ ತಯಾರಿಸಿದೆವು. "ಕರಡಿ ಎಲ್ಲಿ ವಾಸಿಸುತ್ತದೆ?" ಎಂಬುದು ಒಂದು ಪ್ರಶ್ನೆ. ಸರಿಯುತ್ತರ 'ಕಾಡಿನಲ್ಲಿ' ಎಂದು ನಾವೇ ಬರೆದುಕೊಟ್ಟಿದ್ದೆವು. ಕರಡಿಧಾಮವಿರುವ ದರೋಜಿ ಸುತ್ತಲಿನ ಮಕ್ಕಳು ಸಾಲುಸಾಲಾಗಿ "ನಮ್ಮ ಶೇಂಗಾ ಹೊಲದಾಗ" ಎಂದು ಬರೆದಿದ್ದರು. ಒಬ್ಬ ಹುಡುಗನಂತೂ ಯಾವ ಹೊಲ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಸೇರಿಸಿದ್ದ. ಎಲ್ಲರಿಗೂ ಸೊನ್ನೆ ಬಿತ್ತು. ಕರಡಿಯನ್ನು ಕಣ್ಣಾರೆ ಕಂಡವರಿಗೆ ಸೊನ್ನೆ, ಪುಸ್ತಕದಲ್ಲಿ ಕಂಡವರಿಗೆ ಪೂರ್ತಿ ಅಂಕ. ಆಗಲೂ ನಾನು ನಕ್ಕು ಮುಂದಿನ ಕಡತ ಎತ್ತಿಕೊಂಡೆ. ನಕ್ಕು ಬಿಡುವುದು ನನಗೆ ಒಂದು ಚಟವಾಗಿತ್ತು. ಕಲಿಯುವ ಕಷ್ಟ ಅದರಿಂದ ತಪ್ಪುತ್ತಿತ್ತು.

ಇನ್ನು ಒಂದು ಓದಿನ ಸಮೀಕ್ಷೆಯ ವಿಷಯ.

ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳಿಗೆ ಓದಲು ಬರುತ್ತದೆಯೇ ಎಂದು ಪರೀಕ್ಷಿಸುವ ಕೆಲಸ ನಮ್ಮ ನಿಕಾಯಕ್ಕೆ ಬಂತು. ಹೊಸಪೇಟೆ, ಸಂಡೂರು, ಕಂಪ್ಲಿ ಸುತ್ತಿನ ಶಾಲೆಗಳು. ನಾನೇ ಒಂದು ಚಿಕ್ಕ ಪಾಠ ಬರೆದೆ: "ಕಮಲ ಅಜ್ಜನ ಜೊತೆ ಹೊಸಪೇಟೆಯ ಸಂತೆಗೆ ಹೋದಳು. ಅಲ್ಲಿ ಬೆಲ್ಲ, ಬಳೆ ಮತ್ತು ಬಾಳೆಹಣ್ಣು ಕೊಂಡಳು. ಮನೆಗೆ ಬರುವಾಗ ಮಳೆ ಬಂತು." ಬರೆದು ಭಾಳ ಹೆಮ್ಮೆಪಟ್ಟೆ, ಸ್ಥಳೀಯ ವಿಷಯ ನೋಡಿ. ಮಗು ಇದನ್ನು ಗಟ್ಟಿಯಾಗಿ ಓದಬೇಕು. ಅಚ್ಚಿನಲ್ಲಿರುವುದಕ್ಕಿಂತ ಬೇರೆಯಾಗಿ ಓದಿದ ಪ್ರತಿ ಪದಕ್ಕೂ ಒಂದು ಗೆರೆ. ಐದಕ್ಕಿಂತ ಹೆಚ್ಚು ಗೆರೆ ಬಿದ್ದರೆ 'ಓದಲು ಬಾರದು'. ಈ ನಿಯಮವನ್ನೂ ನಾನೇ ಮಾಡಿದ್ದು. ಹಾಗೆ ಬಿದ್ದ ಮಕ್ಕಳು ದಿನವೂ ಬೆಳಿಗ್ಗೆ ಒಂದನೇ ತರಗತಿಯಲ್ಲಿ ಕುಳಿತು ಅಕ್ಷರ ತಿದ್ದಬೇಕು ಎಂಬ ಶಿಫಾರಸೂ ನನ್ನದೇ.

ಹಿಂದೆ ಇಂಥದ್ದಕ್ಕೆಲ್ಲ ಕಾಗದ ಪೆನ್ಸಿಲು ಇರುತ್ತಿತ್ತು, ಈ ಸಲ ಟ್ಯಾಬ್ ಬಂದಿತ್ತು. ಮಗು ಓದಿದ್ದು ಧ್ವನಿಯಾಗಿ ಅದರಲ್ಲಿ ಉಳಿಯುತ್ತದೆ. ನಮ್ಮ ಎಂ.ಎಡ್. ವಿದ್ಯಾರ್ಥಿಗಳನ್ನು ಸಂಡೂರಿನ ಒಂದು ಸಭಾಂಗಣದಲ್ಲಿ ಕೂರಿಸಿ ತರಬೇತಿ ಕೊಟ್ಟೆ. ಮಾದರಿಯಾಗಿ ಪಾಠವನ್ನು ಒಮ್ಮೆ ನಾನೇ ಓದಿ ತೋರಿಸಿದೆ, ಅವರು ಟ್ಯಾಬಿನಲ್ಲಿ ಗೆರೆ ಹಾಕುವುದನ್ನು ಅಭ್ಯಾಸ ಮಾಡಿದರು. ಆಮೇಲೆ ಊರೂರು ಸುತ್ತಿದರು. ವರದಿ ತಯಾರಾಯಿತು. ಕೋಷ್ಟಕಗಳು ಬಣ್ಣಬಣ್ಣದಲ್ಲಿದ್ದವು. ಕಂಪ್ಲಿ ಕಡೆಯ ಹಳ್ಳಿಗಳೆಲ್ಲ ಕೆಂಪು. ಬೆಂಗಳೂರಿನ ಶಿಕ್ಷಣ ಇಲಾಖೆಯ ನಿರ್ದೇಶಕರು ಮೆಚ್ಚಿದರು, ಶಾಲೆಗಳಿಗೆ ಪಟ್ಟಿ ಹೋಯಿತು. ನಾನು ಅಷ್ಟೂ ಕೋಷ್ಟಕಗಳನ್ನು ನೋಡಿದ್ದೆ. ಒಂದು ಮಗುವಿನ ದನಿಯನ್ನೂ ಕೇಳಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಗಿರಿಜಮ್ಮ ಟೀಚರ್ ನನ್ನ ಕೊಠಡಿಗೆ ಬಂದರು. ಈಗ ಅವರಿಗೆ ಕಂಪ್ಲಿ ಕಡೆಯ ಒಂದು ಊರಿಗೆ ವರ್ಗವಾಗಿತ್ತು. ಕೂದಲು ನೆರೆತಿತ್ತು, ನಾಲಿಗೆ ಹಾಗೇ ಇತ್ತು.

"ಬರ್ರಿ ಟೀಚರ್, ಕುಂದ್ರಿ. ಮಂಟಪ ಹೆಂಗೈತಿ?" ಎಂದೆ.

"ಮಂಟಪ ಆರಾಮೈತ್ರಿ, ಅದಕ್ಕ ನೀವು ಪರೀಕ್ಷಾ ಮಾಡಿಲ್ಲ" ಎಂದರು.

ವಿಷಯ ಹುಲಿಗೆಮ್ಮನದು. ಐದನೇ ತರಗತಿಯ ಹುಡುಗಿ. ನಮ್ಮ ಪಟ್ಟಿಯಲ್ಲಿ ಅವಳಿಗೆ ಹತ್ತು ಗೆರೆ, 'ಓದಲು ಬಾರದು'. ಎರಡು ತಿಂಗಳಿಂದ ಒಂದನೇ ತರಗತಿಯ ಚಿಕ್ಕ ಮಕ್ಕಳ ನಡುವೆ ಕುಳಿತು ಅ ಆ ಇ ಈ ತಿದ್ದುತ್ತಿದ್ದಾಳೆ. ಅವಳ ಅಪ್ಪ ನಾಗರಾಜ ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ.

"ಅವ ಏನಂತಾನ ಗೊತ್ತೇನ್ರಿ?" ಎಂದರು ಗಿರಿಜಮ್ಮ. "'ಯೂನಿವರ್ಸಿಟಿಯೋರು ಬರದಾರ ಟೀಚರ್, ಅವರಿಗೆ ಗೊತ್ತಿರಂಗಿಲ್ಲೇನು? ಐದು ವರ್ಷ ಕುಂತು ಓದಾಕ ಬರಲಿಲ್ಲಂದ್ರ ಅಕಿಗೆ ಬರಂಗಿಲ್ಲ. ದಸರಾ ಸೂಟಿ ಆದಮ್ಯಾಲೆ ಕಳಸಂಗಿಲ್ಲ, ಅವ್ವನ ಜೋಡಿ ಬಾಳಿ ತ್ವಾಟಕ್ಕ ಹೋಗ್ಲಿ' ಅಂತಾನ. ಕೆಟ್ಟ ಮನಷ್ಯಾ ಅಲ್ರಿ ಅವ. ನಿಮ್ಮ ಕಾಗದ ನಂಬ್ಯಾನ ಅಷ್ಟ."

"ಓದಾಕ ಬರ್ತತೇನು ಅಕಿಗೆ?"

"ನೀವ ಕೇಳ್ರಲ್ಲ. ನಿಮ್ಮ ಹತ್ರ ಐತಲ್ಲ ಅಕಿ ದನಿ."

ಕಂಪ್ಯೂಟರಿನಲ್ಲಿ ಹುಡುಕಿ ಹಾಕಿದೆ. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು. ಆಮೇಲೆ ಒಂದು ಸ್ವಚ್ಛವಾದ ದನಿ, ಎಲ್ಲೂ ತಡವರಿಸದೆ: "ಕಮಲ ಅಜ್ಜನ ಜೋಡಿ ಹೊಸಪ್ಯಾಟಿ ಸಂತಿಗಿ ಹೋದ್ಲು. ಅಲ್ಲಿ ಬೆಲ್ಲ, ಬಳಿ, ಬಾಳಿಹಣ್ಣು ತಗಂಡ್ಲು. ಮನಿಗಿ ಬರುವಾಗ ಮಳಿ ಬಂತು."

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಖಾಜಾಸಾಬ್, "ಮಸ್ತ್ ಓದ್ತಾಳಲ್ಲರೀ ಹುಡುಗಿ. ಯಾರ್ರಿ ಇಕಿ?" ಎಂದ.

ನಾನು ಪಟ್ಟಿ ನೋಡಿದೆ. ಜೋಡಿ, ಹೊಸಪ್ಯಾಟಿ, ಸಂತಿಗಿ, ಹೋದ್ಲು, ಬಳಿ, ಬಿಟ್ಟುಹೋದ 'ಮತ್ತು', ಬಾಳಿಹಣ್ಣು, ತಗಂಡ್ಲು, ಮನಿಗಿ, ಮಳಿ. ಹತ್ತು ಗೆರೆ, ಲೆಕ್ಕ ಸರಿಯಾಗಿಯೇ ಇತ್ತು. ಹುಡುಗಿ ಪಾಠವನ್ನು ಓದಿ, ಅರ್ಥಮಾಡಿಕೊಂಡು, ತನ್ನ ಮಾತಿನಲ್ಲಿ ಹೇಳಿದ್ದಳು. 'ಜೊತೆ' ಎಂದು ಕಣ್ಣಿಗೆ ಕಂಡದ್ದು 'ಜೋಡಿ' ಎಂದು ಬಾಯಿಗೆ ಬರಬೇಕಾದರೆ ನಡುವೆ ಅರ್ಥವಾಗಿರಲೇಬೇಕು. ಇದನ್ನು ನಾನೇ ಇಪ್ಪತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೆ. ಮುಂದಿನ ದನಿಯನ್ನೂ ಹಾಕಿ ಕೇಳಿದೆ. ಅದೇ ಶಾಲೆಯ ಇನ್ನೊಬ್ಬ ಹುಡುಗ ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದೂ ಗೆರೆ ಬೀಳದಂತೆ ಓದಿದ್ದ. ಅದರ ಕೊನೆಗೆ ನಮ್ಮ ವಿದ್ಯಾರ್ಥಿ "ಕಮಲ ಎಲ್ಲಿಗೆ ಹೋದಳು?" ಎಂದು ಕೇಳಿದ್ದು ದಾಖಲಾಗಿತ್ತು. ಆ ಹುಡುಗ ಸುಮ್ಮನಿದ್ದ. ಅವನಿಗೆ ಪೂರ್ತಿ ಅಂಕ.

"ಆದ್ರೂ ಟೀಚರ್, ಅಚ್ಚಿನ್ಯಾಗ ಇದ್ದಂಗ ಓದೋದನ್ನೂ ಕಲೀಬೇಕಲ್ಲ" ಎಂದೆ, ಸೋಲಲು ಮನಸ್ಸಿಲ್ಲದೆ.

"ಕಲೀಬೇಕ್ರಿ, ಕಲಸ್ತೀನಿ. ಅದನ್ನ ಐದನೇ ಕ್ಲಾಸಿನ್ಯಾಗ ಕುಂತು ಕಲೀಲಿ. ನೀವು ಅಚ್ಚಿನ್ಯಾಗ ಇದ್ದಂಗ ಓದ್ತೀರೇನು?"

"ಮತ್ತ? ನಾನ ಅಲ್ಲೇನು ಮಾದರಿ ಓದಿದ್ದು?"

ಹೇಳಬಾರದಿತ್ತು. ಸಂಡೂರಿನ ತರಬೇತಿಯ ದಾಖಲೆಯೂ ಅದೇ ಕಡತದಲ್ಲಿ, 'ಮಗು ಸಂಖ್ಯೆ ಸೊನ್ನೆ' ಎಂಬ ಹೆಸರಿನಲ್ಲಿ ಕುಳಿತಿತ್ತು. ಗಿರಿಜಮ್ಮ ಅದರ ಮೇಲೆ ಬೆರಳಿಟ್ಟು ತೋರಿಸಿದರು, ಅದನ್ನೂ ಹಾಕಿದೆ. ನನ್ನ ದನಿ ಬಂತು, ಗತ್ತಿನಿಂದ: "ಕಮಲ ಅಜ್ಜನ ಜೊತೆ ಹೊಸಪ್ಯಾಟಿಯ ಸಂತಿಗೆ ಹೋದಳು. ಅಲ್ಲಿ ಬೆಲ್ಲ, ಬಳಿ ಮತ್ತು ಬಾಳಿಹಣ್ಣು ಕೊಂಡ್ಲು. ಮನಿಗೆ ಬರುವಾಗ ಮಳಿ ಬಂತು."

ಅಷ್ಟು ಮಂದಿಯ ಮುಂದೆ ಅಪ್ಪಟ ಅಚ್ಚಿನ ಕನ್ನಡ ಓದುತ್ತಿದ್ದೇನೆ ಎಂದೇ ನಾನು ನಂಬಿದ್ದೆ. ಏಳು ತಪ್ಪು. ಐದಕ್ಕಿಂತ ಹೆಚ್ಚು. ನನ್ನ ನಿಯಮದ ಪ್ರಕಾರ ಡೀನ್‌ಗೆ ಓದಲು ಬಾರದು. ಆದರೆ ನನ್ನ ವಿದ್ಯಾರ್ಥಿಗಳು ಒಂದು ಗೆರೆಯನ್ನೂ ಹಾಕಿರಲಿಲ್ಲ. ನಾನು ಓದಿದರೆ ಪೂರ್ತಿ ಅಂಕ, ಅದೇ 'ಮಳಿ' ಹುಲಿಗೆಮ್ಮನ ಬಾಯಲ್ಲಿ ಬಂದರೆ ಗೆರೆ. ಈ ಸಲ ನನಗೆ ನಗು ಬರಲಿಲ್ಲ. ನಾಚಿಕೆಯಾಯಿತು. ಖಾಜಾಸಾಬ್ ಚಹಾ ಇಟ್ಟು ಸದ್ದಿಲ್ಲದೆ ಹೊರಗೆ ಹೋದ. ಅವನಿಗೆ ನಗು ತಡೆಯುವುದು ಕಷ್ಟವಾಗಿತ್ತು ಎಂದು ಕಾಣುತ್ತದೆ.

ವರದಿಯನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ನಿರ್ದೇಶಕರಿಗೆ ಫೋನ್ ಮಾಡಿದೆ. ಅವರು ಮೈಸೂರು ಕಡೆಯವರು, ಒಳ್ಳೆಯವರು, ಎಂದೂ ದನಿ ಏರಿಸಿದವರಲ್ಲ.

"ವರದಿ ಕೊಡೋದಕ್ಕೆ ನಮೂನೆ ಇದೆ, ವಾಪಸ್ ತಗೊಳ್ಳೋದಕ್ಕೆ ನಮೂನೆ ಇಲ್ವಲ್ಲ ಡೀನ್ ಸಾಹೇಬ್ರೇ" ಎಂದರು. "ತಪ್ಪು ಅಂತ ಯಾಕೆ ಬರೀತೀರಿ? ಪರಿಷ್ಕರಣೆ ಅನ್ನಿ. ಸಮಿತಿ ಮಾಡೋಣ, ಬರೋ ವರ್ಷ ಪರಿಷ್ಕೃತ ವರದಿ ತರೋಣ. ಎಲ್ಲರ ಮರ್ಯಾದೆನೂ ಉಳಿಯುತ್ತೆ."

ಸತ್ಯ ಹೇಳುತ್ತೇನೆ, ಆ ಮಾತು ನನಗೆ ಹಿತವಾಗಿತ್ತು. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು, ಪರಿಷ್ಕರಣೆ ಎಂಬುದು ನನ್ನ ವೃತ್ತಿಯುದ್ದಕ್ಕೂ ನಾನೇ ಬಳಸಿದ ಪದ. ಆದರೆ ಸಮಿತಿ ಕೂಡುವ ಹೊತ್ತಿಗೆ ಹುಲಿಗೆಮ್ಮ ಬಾಳೆ ತೋಟದಲ್ಲಿ ಇರುತ್ತಾಳೆ. ದಸರೆಗೆ ಹದಿನೈದು ದಿನವೂ ಇರಲಿಲ್ಲ. ನಾನು ಹುಲಿಗೆಮ್ಮನದು, ನನ್ನದು ಎರಡೂ ಧ್ವನಿಗಳನ್ನು ನಿರ್ದೇಶಕರಿಗೆ ಕಳಿಸಿ, "ಇವರಿಬ್ಬರಲ್ಲಿ ಯಾರು ಒಂದನೇ ತರಗತಿಗೆ ಹೋಗಬೇಕು, ದಯವಿಟ್ಟು ತಿಳಿಸಿ" ಎಂದು ಕೆಳಗೆ ಬರೆದೆ. ಗಿರಿಜಮ್ಮನವರ ಪತ್ರದ ಶೈಲಿ ನನಗೆ ಹತ್ತಿತ್ತು ನೋಡಿ.

ಮೂರು ದಿನ ಸುದ್ದಿಯಿಲ್ಲ. ನಾಲ್ಕನೇ ದಿನ ಒಂದು ಸಾಲಿನ ಉತ್ತರ ಬಂತು: "ಪಟ್ಟಿಯನ್ನು ತಡೆಹಿಡಿಯಲಾಗಿದೆ, ಮಕ್ಕಳನ್ನು ಅವರವರ ತರಗತಿಗೆ ಕಳಿಸುವುದು." ಮುಂದಿನ ಸಮೀಕ್ಷೆ ನಮ್ಮ ನಿಕಾಯಕ್ಕೆ ಬರಲಿಲ್ಲ, ಅದರ ಮುಂದಿನದೂ ಬರಲಿಲ್ಲ. ಖಾಜಾಸಾಬನಿಗೆ ಫ್ಲೆಕ್ಸ್ ಮಡಚುವ ಕೆಲಸ ಕಡಿಮೆಯಾಯಿತು.

ಆದೇಶವನ್ನು ವಾಟ್ಸಾಪಿನಲ್ಲಿ ಕಳಿಸಬಹುದಿತ್ತು. ನಾನೇ ತೆಗೆದುಕೊಂಡು ಹೋದೆ. ದಸರಾ ರಜೆಯ ಹಿಂದಿನ ದಿನ, ಕಂಪ್ಲಿ ಬಸ್ಸು ಹಿಡಿದೆ. ಹೊಸಪೇಟೆ ಬಸ್ ನಿಲ್ದಾಣದಲ್ಲಿ ಕಂಡಕ್ಟರು ಒಬ್ಬ, ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ 'ಹೊಸಪೇಟೆ-ಕಂಪ್ಲಿ' ಎಂದು ಬರೆದಿರುವ ಬಸ್ಸಿನ ಬಾಗಿಲಲ್ಲಿ ನಿಂತು "ಹೊಸಪ್ಯಾಟಿ ಕಂಪ್ಲಿ, ಹೊಸಪ್ಯಾಟಿ ಕಂಪ್ಲಿ, ಹತ್ರಿ ಲಗೂನ" ಎಂದು ಕೂಗುತ್ತಿದ್ದ. ಯಾರೂ ಅವನಿಗೆ ಗೆರೆ ಹಾಕಲಿಲ್ಲ. ಎಲ್ಲರೂ ಸರಿಯಾದ ಬಸ್ಸನ್ನೇ ಹತ್ತಿದರು.

ಶಾಲೆಗೆ ಎರಡೇ ಕೋಣೆ, ನಡುವೆ ಒಂದು ಗೋಡೆ. ಗಿರಿಜಮ್ಮ ನಾಗರಾಜನನ್ನೂ ಕರೆಸಿದ್ದರು. ಎರಡನೇ ಪಾಳಿಗೆ ಹೋಗುವವನು, ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡೇ ನಿಂತಿದ್ದ. ನಾನು ಆದೇಶ ಓದಿ ಹೇಳಿದೆ.

"ಹಂಗಾರ ಮದ್ಲ ಬರದಿದ್ದು?" ಎಂದ.

"ತಪ್ಪು."

"ಯಾರ ತಪ್ಪ್ರಿ?"

"ನಂದು."

"ಯೂನಿವರ್ಸಿಟಿಯೋರೂ ತಪ್ಪು ಮಾಡ್ತಾರೇನ್ರಿ?"

"ಮಾಡ್ತೀವಪ್ಪ, ಬರದು ಸಹಿ ಮಾಡ್ತೀವಿ."

ಅವನು ನಗಲಿಲ್ಲ. "ನೀವು ಹೇಳಿದ್ದು ಖರೇನ ಇರಬೌದು ಸರ. ಆದ್ರ ಅಕಿ ಈಗ ಬಾಯಿ ಬಿಡಂಗಿಲ್ಲ. ಮನ್ಯಾಗ ಪುಸ್ತಕ ಮುಟ್ಟಂಗಿಲ್ಲ. ಒಮ್ಮೆ ಓದಿ ತೋರಸಲಿ, ಕಳಸ್ತೀನಿ" ಎಂದ.

ಹುಲಿಗೆಮ್ಮ ಬಂದಳು. ಎರಡು ಜಡೆ, ದೊಡ್ಡ ಕಣ್ಣು. ನಾನು ಅದೇ ಹಾಳೆ ಕೊಟ್ಟೆ. ಬಹಳ ಹೊತ್ತು ನೋಡಿದಳು. ತುಟಿ ಅಲುಗಾಡಿತು, ದನಿ ಬರಲಿಲ್ಲ. ಹಾಳೆಯನ್ನು ಹಿಂದಕ್ಕೆ ಕೊಟ್ಟಳು.

"ಓದವ್ವ, ಹೆದರಬ್ಯಾಡ" ಎಂದೆ.

"ಓದಿದ್ನಿರಿ" ಎಂದಳು.

"ಜೋರಾಗಿ?"

"ಮನಸಿನ್ಯಾಗ ಓದಿದ್ರ ತಪ್ಪು ಬರಂಗಿಲ್ರಿ."

ಅಪ್ಪ ನನ್ನ ಮುಖ ನೋಡಿದ. ಮಕ್ಕಳಿಗೆ ಓದು ಕಲಿಸುವುದು ಹೇಗೆಂದು ಜೀವಮಾನವಿಡೀ ಹೇಳಿಕೊಟ್ಟವನು, ಓದುತ್ತಿದ್ದ ಒಂದು ಮಗುವಿನ ಬಾಯಿ ಕಟ್ಟಿಬಿಟ್ಟಿದ್ದೆ. ಏನು ಮಾಡಬೇಕೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು ಅವಳ ಕೈಗೆ ಕೊಟ್ಟೆ, ಹಾಳೆಯನ್ನೂ ಕೊಟ್ಟೆ.

"ನಾನು ಓದ್ತೀನಿ. ತಪ್ಪಾದಲ್ಲಿ ನೀನು ಗೆರಿ ಹೊಡಿ."

ಕನ್ನಡಕ ತೆಗೆದಿಟ್ಟೆ. ಪಾಠ ನನಗೆ ಬಾಯಿಪಾಠ, ನಾನೇ ಬರೆದದ್ದಲ್ಲವೇ. ನನ್ನ ಬಾಯಿಗೆ ಹೇಗೆ ಬರುತ್ತದೋ ಹಾಗೆ ಹೇಳಿದೆ. ಮೊದಲ ಸಾಲಿಗೆ ಅವಳು ಟೀಚರ್ ಮುಖ ನೋಡಿದಳು. ಗಿರಿಜಮ್ಮ ಗೋಣು ಹಾಕಿದರು. ಪೆನ್ಸಿಲು ಅಲುಗಿತು. ಆಮೇಲೆ ಅದು ನಿಲ್ಲಲೇ ಇಲ್ಲ.

"ಸರ, 'ಸಂತೆಗೆ' ಅಂತ ಐತ್ರಿ ಇಲ್ಲಿ. ನೀವು 'ಸಂತಿಗೆ' ಅಂದ್ರಿ" ಎಂದಳು. ಇನ್ನೊಂದು ಸಾಲಾದ ಮೇಲೆ, "'ಕೊಂಡಳು' ಐತ್ರಿ." ಕೊನೆಗೆ ಬೆರಳು ಮಡಿಚಿ ಎಣಿಸಿದಳು. "ಏಳು ರೀ."

ನಾಗರಾಜ ಬಗ್ಗಿ ಹಾಳೆ ನೋಡಿದ.

ಹುಲಿಗೆಮ್ಮ ಏನೋ ಲೆಕ್ಕ ಹಾಕುವಂತೆ ನಿಂತಿದ್ದಳು. ಆಮೇಲೆ, ಕುಹಕವಿಲ್ಲದೆ, ನಿಜವಾಗಿಯೇ ತಿಳಿದುಕೊಳ್ಳಲು ಕೇಳಿದಳು: "ಐದಕ್ಕಿಂತ ಜಾಸ್ತಿ ಆದ್ರ ಒಂದನೇ ಕ್ಲಾಸಂತ ಹೇಳಿದ್ರಿ. ಹಂಗಾರ ನೀವೂ ಹೋಗಿ ಕುಂದ್ರಬೇಕೇನ್ರಿ?"

"ಕುಂದ್ರಬೇಕವ್ವ. ನಿಯಮ ನಂದ ಐತಿ" ಎಂದೆ.

ಹೋಗಿ ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಕುಳಿತೆ. ಮಂಡಿ ನೋವಿತ್ತು, ಗೋಡೆಗೆ ಒರಗಿಕೊಂಡೆ. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸ್ಲೇಟು ತಂದಿಲ್ಲೇನ್ರಿ?" ಎಂದು ಕೇಳಿ, ತನ್ನ ಸ್ಲೇಟನ್ನು ಅರ್ಧ ನನ್ನ ಕಡೆಗೆ ಸರಿಸಿದಳು. ಅವಳು ಬರೆದ 'ಅ'ದ ಪಕ್ಕ ನಾನೂ ಒಂದು 'ಅ' ಬರೆದೆ. ಅವಳದೇ ದುಂಡಗಿತ್ತು.

ಎರಡನೇ 'ಅ' ಬರೆಯುತ್ತಿದ್ದಾಗ ಗೋಡೆಯ ಆಚೆಯಿಂದ ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಗಟ್ಟಿಯಾಗಿ, ಎಲ್ಲೂ ತಡವರಿಸದೆ: "ಕಮಲ ಅಜ್ಜನ ಜೋಡಿ ಹೊಸಪ್ಯಾಟಿ ಸಂತಿಗಿ ಹೋದ್ಲು."

ಓದು ಮುಗಿಯಿತು. ಆಮೇಲೆ ನಾಗರಾಜನ ದನಿ ಬಂತು. "ಸೂಟಿ ಮುಗದು ಶಾಲಿ ಯಾವತ್ತು ಸುರು ಟೀಚರ್?" ಎಂದು ಕೇಳಿದ.

ಗಿರಿಜಮ್ಮ ಬಾಗಿಲಲ್ಲಿ ಇಣುಕಿ, "ಏಳ್ರಿ ಸರ್, ಆತು, ಚಾ ಕುಡಿಯೂಣು ಬರ್ರಿ" ಎಂದರು. ನಾನು ಏಳಲಿಲ್ಲ. ಕಣ್ಣು ಒದ್ದೆಯಾಗಿತ್ತು, ಅದೊಂದು ಕಾರಣ. ಇನ್ನೊಂದು, ಪಕ್ಕದ ಪುಟ್ಟ ಹುಡುಗಿ ನನ್ನ ಅಂಗಿಯ ತೋಳು ಹಿಡಿದು, ಗಂಟೆ ಹೊಡೆಯುವ ತನಕ ಒಂದನೇ ಕ್ಲಾಸಿನಿಂದ ಯಾರೂ ಏಳುವಂತಿಲ್ಲ ಎಂದು ಪಿಸುಮಾತಿನಲ್ಲಿ ಹೇಳಿದ್ದಳು.